ಮಂಜು ಹುಡುಗನಾ, ಹುಡುಗಿಯಾ? ಬಾಗೇಪಲ್ಲಿ ಕಡೆಯ ಒಂದು ಅಭ್ಯಾಸ ಪುಸ್ತಿಕೆಯ ಪ್ರಕರಣ

ಇದು ಶುರುವಾದದ್ದು ಒಂದು ಕೆಂಪು ಗೀಟಿನಿಂದ. ಗೀಟು ಎಳೆದದ್ದು ನಾನೇ.

ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಚಿಕ್ಕಬಳ್ಳಾಪುರ ಜಿಲ್ಲೆಯ ತುದಿ ಇದು, ಇನ್ನೊಂದು ಸ್ವಲ್ಪ ದೂರ ಹೋದರೆ ಆಂಧ್ರ. ಮಕ್ಕಳಲ್ಲಿ ಬಹಳ ಜನರ ಮನೆಮಾತು ತೆಲುಗು. ಕ್ಲಾಸಿನೊಳಗೆ ಕನ್ನಡ, ಬೆಲ್ ಹೊಡೆದು ಗೇಟು ದಾಟಿದರೆ ತೆಲುಗು. ಜಗಳ ಮಾತ್ರ ಎರಡರಲ್ಲೂ ಆಡುತ್ತಾರೆ.

4ನೇ ಕ್ಲಾಸಿನ ಒಬ್ಬ ಹುಡುಗಿ 'ನಮ್ಮ ಮನೆ' ಅಂತ ಐದು ವಾಕ್ಯ ಬರೆದು ತಂದಿದ್ದಳು. ಮೂರನೆಯದು, "ಅಮ್ಮ ಹೊಲದಿಂದ ಬಂತು." ನಾನು 'ಬಂತು' ಕೆಳಗೆ ಗೀಟೆಳೆದು ಮೇಲೆ 'ಬಂದಳು' ಅಂತ ಬರೆದೆ. ನಾಲ್ಕನೆಯದು, "ಹಸು ಬಂತು." ಅದಕ್ಕೆ ರೈಟ್ ಹಾಕಿದೆ. ಹುಡುಗಿ ಒಂದು ಸಲ ಗೀಟು ನೋಡಿದಳು, ಒಂದು ಸಲ ರೈಟ್ ನೋಡಿದಳು. "ಎರಡೂ ಒಟ್ಟಿಗೇ ಬಂದ್ವಲ್ಲ ಟೀಚರ್?" ಅಂದಳು.

ಅವಳ ತಪ್ಪೇನೂ ಇರಲಿಲ್ಲ. ತೆಲುಗಿನಲ್ಲಿ ಏಕವಚನಕ್ಕೆ ಇರುವುದು ಎರಡೇ ಗುಂಪು. ಗಂಡಸರದು ಒಂದು, ಉಳಿದದ್ದೆಲ್ಲ ಸೇರಿ ಇನ್ನೊಂದು. ನಾಯ್ನ ವಚ್ಚಾಡು, ಅಂದರೆ ಅಪ್ಪ ಬಂದ. ಅಮ್ಮ ವಚ್ಚಿಂದಿ, ಆವು ವಚ್ಚಿಂದಿ, ಬಸ್ಸು ವಚ್ಚಿಂದಿ. ಅಮ್ಮನಿಗೂ ಹಸುವಿಗೂ ಬಸ್ಸಿಗೂ ಒಂದೇ ಬಾಲ. ಅದನ್ನೇ ಹುಡುಗಿ ಕನ್ನಡದ ಪದ ಹಾಕಿ ಬರೆದಿದ್ದಳು. ಅದೂ ಬಿಡಿ, ತೆಲುಗು ಒಂದಕ್ಷರ ಬಾರದ ಊರುಗಳಲ್ಲೂ ಅಜ್ಜಿಯರು "ನಮ್ಮ ಹುಡ್ಗಿ ಸ್ಕೂಲಿಂದ ಬಂತು" ಅಂತಲೇ ಅನ್ನೋದು. ನಮ್ಮ ಶಾಲಾ ವ್ಯಾಕರಣ ಕೂಡ 'ಹುಡುಗಿ ಬಂದಳು, ಹುಡುಗಿ ಬಂದಿತು' ಎರಡನ್ನೂ ಒಪ್ಪಿ ಅದಕ್ಕೆ ಸ್ತ್ರೀನಪುಂಸಕಲಿಂಗ ಅಂತ ಹೆಸರಿಟ್ಟಿದೆ. ಅದನ್ನು ನಾನೇ ಪಾಠ ಮಾಡಿದ್ದೇನೆ. ಆದರೂ ಗೀಟು ಎಳೆದಿದ್ದೆ.

ಈ ಗೀಟು ತಲೆಯಲ್ಲಿ ಕೊರೆಯುತ್ತಿದ್ದ ವಾರವೇ ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲ ಶಾಲೆಗಳ ಗುಂಪಿನ, ಅಭ್ಯಾಸ ಪುಸ್ತಿಕೆಯನ್ನು ತಿದ್ದಿ ಮತ್ತೆ ಜೆರಾಕ್ಸ್ ಮಾಡಿಸುವ ಕೆಲಸ ಬಂತು. 4 ಮತ್ತು 5ನೇ ಕ್ಲಾಸಿನ ಕನ್ನಡ, ಗಣಿತದ ಹಾಳೆಗಳು. ಎರಡು ವರ್ಷದ ಹಿಂದೆ ನಾವು ಮೂರು ಜನ ಸೇರಿ ಬರೆದದ್ದು. ಕಾಗುಣಿತದ ತಪ್ಪು ಹುಡುಕೋಣ ಅಂತ ಕೂತವರಿಗೆ ಕಣ್ಣಿಗೆ ಬಿದ್ದದ್ದು ಬೇರೆ.

ಹಾಳೆಗಳಲ್ಲಿ ಇದ್ದದ್ದು

ರಾಜು ಸಂತೆಗೆ ಹೋದನು. ರವಿ ಸೈಟು ಕೊಂಡನು. ರಹೀಮ ಬ್ಯಾಂಕಿನಲ್ಲಿ ದುಡ್ಡು ಇಟ್ಟನು. ಸೀತಾ ಮಲ್ಲಿಗೆ ಮಾಲೆ ಕಟ್ಟಿದಳು. ಕಮಲಮ್ಮ ಎಂಟು ಚಪಾತಿ ಮಾಡಿ ಮೂರು ಬಡಿಸಿದಳು, ಉಳಿದದ್ದು ಎಷ್ಟು? ಅವಳಿಗೆ ಉಳಿಯಿತೋ ಇಲ್ಲವೋ ಯಾರೂ ಕೇಳಿಲ್ಲ.

ರೈತ ಅಂದರೆ ತಲೆಗೆ ಪೇಟ, ಮೂತಿಗೆ ಮೀಸೆ. ನಮ್ಮ ಊರಿನಲ್ಲಿ ಬೆಳಗಿನ ಜಾವ ಕ್ಯಾನ್ ಹಿಡಿದು ಡೈರಿ ಮುಂದೆ ನಿಲ್ಲುವ ಸಾಲು ನೋಡಿದರೆ ಹೆಂಗಸರೇ ಜಾಸ್ತಿ. ಕಡ್ಲೆಕಾಯಿ ಬಿಡಿಸುವವರೂ ಅವರೇ. ಹಾಳೆಯಲ್ಲಿ ಮಾತ್ರ "ರೈತನು ಹಾಲು ಮಾರಿದನು". ಇದನ್ನು ಬರೆದ ಮೂವರೂ ಆ ಡೈರಿ ಮುಂದೆಯೇ ಹಾದು ಸ್ಕೂಲಿಗೆ ಬರುವವರು. ಯಾರೋ ಬೆಂಗಳೂರಿನವರು ಬರೆದು ಕಳಿಸಿದ್ದಲ್ಲ.

ತಿದ್ದೋಣ ಅಂದೆ. ಗಣಿತದ ಮೇಷ್ಟ್ರು ಒಪ್ಪಲಿಲ್ಲ. "ಲೆಕ್ಕ ಬಂದರೆ ಸಾಕು. ರಾಜು ಆದರೇನು, ರಾಣಿ ಆದರೇನು?" ಅಂದರು. ಯಾರಾದರೂ ಆಗಬಹುದು ಅನ್ನೋದಾದರೆ ಯಾವಾಗಲೂ ರಾಜುನೇ ಯಾಕೆ ಅಂತ ನಾನು. ಹೀಗೆ ಒಂದು ಟೀ ಆಯಿತು. ಕೊನೆಗೆ "ನೀವೇ ಮಾಡಿ ತೋರಿಸಿ" ಅಂತ ಪುಸ್ತಿಕೆಯನ್ನು ನನ್ನ ಕಡೆ ತಳ್ಳಿದರು.

ಮೊದಲ ಪ್ರಯತ್ನ, ಮೊದಲ ನಗೆ

ನಾನು ಮಾಡಿದ್ದು ಸುಲಭದ ಕೆಲಸ. ಇಂಗ್ಲಿಷಿನಲ್ಲಿ 'ಹಿ', 'ಶಿ' ಬದಲು 'ದೇ' ಹಾಕುತ್ತಾರೆ, ಒಬ್ಬರಿಗೂ ಅದೇ ನಡೆಯುತ್ತದೆ ಅಂತ ಓದಿದ್ದೆ. ನಮ್ಮಲ್ಲಿ 'ಅವರು' ಇದೆಯಲ್ಲ, ಗಂಡಿಗೂ ಹೆಣ್ಣಿಗೂ ಒಂದೇ. ಹೆಸರು ಎರಡೂ ಕಡೆ ಸಲ್ಲುವ ಮಂಜು ಅಂತ ಇಟ್ಟೆ. "ಮಂಜು ಅವರು 15 ಗೋಲಿ ತಂದರು. ಅವರು ಶಶಿ ಅವರಿಗೆ 6 ಗೋಲಿ ಕೊಟ್ಟರು."

ಓದಿದ ತಕ್ಷಣ ಕ್ಲಾಸು ಘೊಳ್ ಅಂತ ನಕ್ಕಿತು. "ಮಂಜು ಅಂದ್ರೆ ತಾತನಾ ಟೀಚರ್? ತಾತ ಗೋಲಿ ಆಡ್ತಾರಾ?"

ನಗೆ ಹೋಗಲಿ, ಲೆಕ್ಕವೂ ಕೆಟ್ಟಿತು. ಮೂರನೇ ಸಾಲು "ಅವರ ಬಳಿ ಈಗ ಎಷ್ಟು ಗೋಲಿ ಇವೆ?" ಅಂತ ಇತ್ತು. ಕೆಲವರು 9 ಬರೆದರು. ಕೆಲವರು 15 ಅಂತ ಬರೆದರು. ಕೇಳಿದರೆ, "ಅವರು ಅಂದ್ರೆ ಇಬ್ಬರೂ ಅಲ್ವಾ? ಇಬ್ಬರ ಹತ್ರ ಸೇರಿಸಿದ್ರೆ 15." ಸರಿಯಾಗೇ ಇತ್ತು. ತಪ್ಪು ನನ್ನದು. ಕನ್ನಡದ 'ಅವರು' ಬಹುವಚನ, ಇಲ್ಲವೇ ಮರ್ಯಾದೆ. ಒಂಬತ್ತು ವರ್ಷದ ಗೋಲಿ ಆಡುವ ಮಗುವಿಗೆ ಮರ್ಯಾದೆ ಕೊಟ್ಟರೆ ಮಗುವೇ ನಂಬುವುದಿಲ್ಲ.

ಅಡ್ಡಗೆರೆಯನ್ನೂ ನೋಡಿದೆ, ಅವನು/ಅವಳು ಅಂತ. ಇಂಗ್ಲಿಷಿನಲ್ಲಿ ಸರ್ವನಾಮಕ್ಕೆ ಒಂದು ಗೆರೆ ಹಾಕಿದರೆ ಮುಗಿಯಿತು. ಕನ್ನಡದಲ್ಲಿ ಕ್ರಿಯಾಪದವೂ ಹಿಂದೆಯೇ ಬರುತ್ತದೆ. 'ಅವನು/ಅವಳು ಅಂಗಡಿಗೆ ಹೋದನು/ಹೋದಳು.' ಈಗಷ್ಟೇ ಕೂಡಿಸಿ ಓದಲು ಕಲಿತ ಒಬ್ಬ ಹುಡುಗ ಇದನ್ನು ಬೆರಳಿಟ್ಟು ಓದಿದ. ಗೆರೆ ಬಂದಾಗ ನಿಂತ. "ಇದು ಭಾಗಾಕಾರನಾ?" ಅಂದ.

ಪುಸ್ತಿಕೆ ಮತ್ತೆ ಮೇಷ್ಟ್ರ ಮೇಜಿಗೆ ಹೋಯಿತು. ಅವರು ಏನೂ ಅನ್ನಲಿಲ್ಲ. ಅದೇ ಕಷ್ಟ.

ಲಿಂಗ ಕೂತಿರುವುದು ವಾಕ್ಯದ ಬಾಲದಲ್ಲಿ

ಆಮೇಲೆ ದಾರಿ ತೋರಿಸಿದ್ದೂ ಅದೇ ಮೇಷ್ಟ್ರು, ಅವರಿಗೇ ಗೊತ್ತಿಲ್ಲದೆ. ಬೋರ್ಡಿನ ಮೇಲೆ ಲೆಕ್ಕ ಹಾಕುವಾಗ ಅವರು ಪುಸ್ತಿಕೆಯ ವಾಕ್ಯ ಓದುವುದೇ ಇಲ್ಲ. "ನಿನ್ನ ಹತ್ರ ನೂರು ರೂಪಾಯಿ ಇದೆ ಕಣೋ" ಅಂತ ಶುರು ಮಾಡುತ್ತಾರೆ. ಆ 'ಕಣೋ' ಒಂದು ಬಿಟ್ಟರೆ ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ.

ಅಲ್ಲಿಂದ ಒಂದು ಸಂಜೆ ಕೂತು ಕನ್ನಡ ಕ್ರಿಯಾಪದಗಳನ್ನೇ ಹರಡಿಕೊಂಡು ನೋಡಿದೆ. ಇಷ್ಟು ವರ್ಷ ಪಾಠ ಮಾಡಿಯೂ ಗಮನಿಸಿರಲಿಲ್ಲ. ಗಂಡು ಹೆಣ್ಣು ಹೇಳಲೇಬೇಕಾದ ಜಾಗ ಕನ್ನಡದಲ್ಲಿ ಬಹಳ ಕಡಿಮೆ. ನಾನು ಬಂದೆ, ನೀನು ಬಂದೆ: ಲಿಂಗ ಇಲ್ಲ. ವ್ಯಾಕರಣದಲ್ಲಿ ನಾನು, ನೀನು, ತಾನು ಮೂರನ್ನೂ ವಿಶೇಷ್ಯಾಧೀನಲಿಂಗ (ಯಾರಿಗೆ ಹೇಳಿದೆವೋ ಅವರ ಲಿಂಗವೇ ಪದಕ್ಕೂ) ಅನ್ನುವುದು ಇದಕ್ಕೇ. ಬರಲಿಲ್ಲ, ಬಂದಿಲ್ಲ, ಬರಲ್ಲ: ಇಲ್ಲ ಅನ್ನುವಾಗ ಲಿಂಗ ಇಲ್ಲ. ಬರಬೇಕು, ಬರಬಹುದು, ಬರಬಾರದು: ಅಲ್ಲೂ ಇಲ್ಲ. ಮಂಜುಗೆ ಹಸಿವಾಗಿದೆ, ಮಂಜುಗೆ ಗೊತ್ತು, ಮಂಜುಗೆ ಮಾವಿನಹಣ್ಣು ಇಷ್ಟ, ಮಂಜು ಹತ್ತಿರ ಹತ್ತು ರೂಪಾಯಿ ಇದೆ. ಹಸಿವು, ತಿಳಿವು, ಆಸೆ, ದುಡ್ಡು, ಯಾವುದಕ್ಕೂ ಲಿಂಗ ಅಂಟುವುದಿಲ್ಲ. ಕೊಟ್ಟ ಮೇಲೆ, ತಿಂದು, ಹೋದಾಗ, ತಂದರೆ ಅನ್ನುವಾಗಲೂ ಇಲ್ಲ. 'ತನ್ನ' ಇದ್ದರೆ 'ಅವನ', 'ಅವಳ' ಎರಡೂ ಬೇಡ. ಲಿಂಗ ಬರುವುದು ಒಬ್ಬರ ಬಗ್ಗೆ ಹೇಳುವಾಗ, ಅದೂ ವಾಕ್ಯ ಮುಗಿಸುವ ಕ್ರಿಯಾಪದದ ಬಾಲದಲ್ಲಿ. ಬಾಲ ಬದಲಿಸಿದರೆ ಆಯಿತು.

ಹಿಂದಿಗೆ ಈ ಸೌಕರ್ಯ ಇಲ್ಲ. ಅಲ್ಲಿ 'ನಾನು ಹೋಗುತ್ತೇನೆ' ಅನ್ನುವಾಗಲೇ ಜಾತಾ, ಜಾತೀ ಬೇರೆ. ಇಲ್ಲಿವರೆಗೆ ಓದಿದ ನಿಮಗೆ ನಾನು ಮೇಷ್ಟ್ರೋ ಮೇಡಮ್ಮೋ ಗೊತ್ತಾಗಿಲ್ಲ. ಏನೋ ಒಂದು ಊಹಿಸಿಕೊಂಡಿರುತ್ತೀರಿ, ಅದು ಬೇರೆ ಮಾತು. ಆ ಊಹೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ಲೆಕ್ಕ ಹೇಗೆ ಬದಲಾಯಿತು ನೋಡಿ. ಹಳೆಯದು:

"ರಾಜು ಸಂತೆಗೆ ಹೋದನು. ಅವನು ಒಂದು ಕೆಜಿಗೆ 18 ರೂಪಾಯಿಯಂತೆ 3 ಕೆಜಿ ಟೊಮೆಟೊ ಕೊಂಡನು. ಅವನು 100 ರೂಪಾಯಿ ಕೊಟ್ಟರೆ ಅಂಗಡಿಯವನು ಅವನಿಗೆ ಎಷ್ಟು ಹಿಂದಿರುಗಿಸುತ್ತಾನೆ?"

ಹೊಸದು:

"ಟೊಮೆಟೊ ಕೆಜಿಗೆ 18 ರೂಪಾಯಿ. ನಿನಗೆ 3 ಕೆಜಿ ಬೇಕು. ಕೈಯಲ್ಲಿ 100 ರೂಪಾಯಿ ನೋಟಿದೆ. ಎಷ್ಟು ಚಿಲ್ಲರೆ ವಾಪಸ್ ಬರಬೇಕು?"

46 ರೂಪಾಯಿ. ಎರಡರಲ್ಲೂ ಅಷ್ಟೇ. ಆದರೆ ಎರಡನೆಯದನ್ನು ಮಕ್ಕಳು ಬೇಗ ಓದಿ ಮುಗಿಸಿದರು. ನಿಧಾನಕ್ಕೆ ಓದುವವರಿಗೆ ಹಳೆಯ ವಾಕ್ಯದಲ್ಲಿ ಮೂರನೇ 'ಅವನು' ಬರುವಷ್ಟರಲ್ಲಿ ಮೊದಲನೇ 'ಅವನು' ಯಾರು ಅಂತ ಮರೆತಿರುತ್ತಿತ್ತು. ಮೇಷ್ಟ್ರಿಗೆ ಇಷ್ಟವಾದದ್ದು ಇದು. ಗಂಡು ಹೆಣ್ಣಿನ ಮಾತು ಅವರಿಗೆ ಆಗಲೂ ಅಷ್ಟಕ್ಕಷ್ಟೇ. ವಾಕ್ಯ ಚಿಕ್ಕದಾಯಿತು ಅಂತ ಒಪ್ಪಿದರು.

ಕೆಲಸದ ಹೆಸರುಗಳಿಗೆ ಜಾಸ್ತಿ ಕಷ್ಟಪಡಲಿಲ್ಲ. ಅಂಗಡಿಯವರು, ಹಾಲಿನವರು, ರೈತರು. ಡಾಕ್ಟರ್, ಕಂಡಕ್ಟರ್, ಟೀಚರ್ ಅನ್ನುವ ಪದಗಳು ಎರಡೂ ಕಡೆ ನಡೆಯುತ್ತವೆ. ಶಿಕ್ಷಕ, ಶಿಕ್ಷಕಿ ಅಂತ ಒಡೆಯುವುದಕ್ಕಿಂತ ಟೀಚರ್ ಸಲೀಸು. ಶುದ್ಧ ಕನ್ನಡದವರು ಬೈದರೂ ಚಿಂತೆಯಿಲ್ಲ.

ಹೆಸರುಗಳಿಗೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಸೀಮೆಯ ಹಳೆ ಹೆಸರುಗಳಲ್ಲಿ ಒಂದು ತಮಾಷೆ ಇದೆ. ನಾರಾಯಣಪ್ಪ, ನಾರಾಯಣಮ್ಮ. ವೆಂಕಟಪ್ಪ, ವೆಂಕಟಮ್ಮ. ಮುನಿಯಪ್ಪ, ಮುನಿಯಮ್ಮ. ಗಂಡು ದೇವರ ಹೆಸರು ಹೆಂಗಸರಿಗೆ. ಗಂಗಪ್ಪ, ಚೌಡಪ್ಪ ಅಂತ ಹೆಣ್ಣು ದೇವರ ಹೆಸರು ಗಂಡಸರಿಗೆ. ಬೇರು ಎಲ್ಲರದು, ಕೊನೆಯ ಅಪ್ಪ ಅಮ್ಮ ಮಾತ್ರ ಬೇರೆ. ಕ್ಲಾಸಿನಲ್ಲಿ ಮುನಿ ಅಂತ ಕರೆದರೆ ಇಬ್ಬರು ತಿರುಗುತ್ತಾರೆ. ಮಂಜು, ಶಶಿ, ಕಿರಣ, ನೂರ್ ಜೊತೆಗೆ ಮುನಿಯನ್ನೂ ಸೇರಿಸಿದೆವು. ಪಠ್ಯದಲ್ಲಿ ಮುನಿ ಅನ್ನುವ ಹೆಸರು ನೋಡಿ ಒಂದು ಮಗು ಎರಡು ಸಲ ಮುಟ್ಟಿ ನೋಡಿತು. ಅದು ಲಿಂಗದ ವಿಷಯ ಅಲ್ಲ, ತನ್ನ ಮನೆಯ ಹೆಸರು ಅಚ್ಚಾಗಿತ್ತು ಅಷ್ಟೇ.

ಬಸ್ಸಿನ ಲೆಕ್ಕ

ಹೊಸ ಹಾಳೆಯಲ್ಲಿ ಇದೊಂದು ಇತ್ತು: "ಮಂಜು, ಶಶಿ, ಕಿರಣ ಮೂವರೂ ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಬೇಕು. ಒಬ್ಬರಿಗೆ ಟಿಕೆಟ್ 50 ರೂಪಾಯಿ. ಒಟ್ಟು ಎಷ್ಟು ದುಡ್ಡು ಬೇಕು?"

5ನೇ ಕ್ಲಾಸಿನಲ್ಲಿ ಕೊಟ್ಟೆ. ಯಾರೂ ಪೆನ್ಸಿಲ್ ಎತ್ತಲಿಲ್ಲ.

"ಮಂಜು ಹುಡ್ಗಾನಾ, ಹುಡ್ಗೀನಾ?"

"ಯಾರಾದರೇನಪ್ಪ?"

"ಹುಡ್ಗಿ ಆದ್ರೆ ಟಿಕೆಟ್ ಫ್ರೀ ಅಲ್ವಾ ಟೀಚರ್!"

2023ರ ಜೂನ್ 11ರಿಂದ ಶಕ್ತಿ ಯೋಜನೆ ನಡೆಯುತ್ತಿದೆ. ನಾನು ಮರೆತಿದ್ದೆ, ಮಕ್ಕಳು ಮರೆತಿರಲಿಲ್ಲ. ಹಿಂದಿನ ಬೆಂಚಿನಿಂದ ಇನ್ನೊಂದು ದನಿ, "ಕೆಂಪು ಬಸ್ಸಾ, ಪ್ರೈವೇಟಾ?" ಮತ್ತೊಂದು, "ಶಶಿ ಆಧಾರ್ ತಂದಿದ್ದಾಳಾ?" ಅಷ್ಟರಲ್ಲಿ ಶಶಿ ಹುಡುಗಿ ಅಂತ ತೀರ್ಮಾನವಾಗಿತ್ತು.

ನಾನು ಕಷ್ಟಪಟ್ಟು ಮುಚ್ಚಿಟ್ಟದ್ದು ಮಕ್ಕಳಿಗೆ ಬೇಕಾಗಿತ್ತು. ಹೊರಗಿನ ಲೋಕದಲ್ಲಿ ಅದಕ್ಕೆ ಬೆಲೆ ಇದೆ, ಇಲ್ಲಿ ಸರಿಯಾಗಿ 50 ರೂಪಾಯಿ. ಆ ಲೆಕ್ಕವನ್ನು ತೆಗೆದುಹಾಕೋಣ ಅಂತ ಮೊದಲು ಅನಿಸಿತು. ಮೇಷ್ಟ್ರು ಬಿಡಲಿಲ್ಲ. ಕೊನೆಯ ಸಾಲು ಮಾತ್ರ ಬದಲಿಸಿದರು: "ಸರ್ಕಾರಿ ಬಸ್ಸಾದರೆ ಒಟ್ಟು ಎಷ್ಟು ದುಡ್ಡು ಬೇಕಾಗಬಹುದು? ಎಷ್ಟು ಉತ್ತರ ಸಾಧ್ಯ?" ಸೊನ್ನೆ, 50, 100, 150. ನಾಲ್ಕು ಉತ್ತರ. ಇಡೀ ಪುಸ್ತಿಕೆಯಲ್ಲಿ ಮಕ್ಕಳು ಜಾಸ್ತಿ ಹೊತ್ತು ಜಗಳವಾಡಿದ ಲೆಕ್ಕ ಇದೇ. ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ (ಟ್ರಾನ್ಸ್‌ಜೆಂಡರ್) ಇದೆ ಅಂತ ನಾನು ಸೇರಿಸಿದೆ. "ಹಾಗಂದ್ರೆ ಯಾರು?" ಅಂತ ಒಬ್ಬಳು ಕೇಳಿದಳು. ಎರಡು ವಾಕ್ಯದಲ್ಲಿ ಹೇಳಿದೆ. "ಓ, ಟೋಲ್ ಹತ್ರ ಇರ್ತಾರಲ್ಲ ಅವ್ರು," ಅಂದಳು. ಅವಳು 'ಅವ್ರು' ಅಂದದ್ದನ್ನು ಕೇಳಿಸಿಕೊಂಡೆ.

ಮೀಸೆ

ಇನ್ನು ಊಹೆಯ ವಿಷಯ. "ಮಂಜು 12 ಮೂಟೆ ಕಡ್ಲೆಕಾಯಿಯನ್ನು ಟ್ರ್ಯಾಕ್ಟರಿನಲ್ಲಿ ತರಬೇಕು" ಅಂತ ಒಂದು ಲೆಕ್ಕ. ಪಕ್ಕದಲ್ಲಿ ಖಾಲಿ ಜಾಗ ಇತ್ತು, ಚಿತ್ರ ಬರೆಯಿರಿ ಅಂದೆ. ಹೆಚ್ಚುಕಡಿಮೆ ಎಲ್ಲರ ಮಂಜುಗೂ ಮೀಸೆ ಬಂತು. ಹುಡುಗಿಯರು ಬರೆದ ಮಂಜುಗೂ. ಅದೇ ಕ್ಲಾಸಿನಲ್ಲಿ ಮಂಜುಳ ಅಂತ ಒಬ್ಬಳಿದ್ದಾಳೆ, ಮನೆಯಲ್ಲಿ ಅವಳನ್ನು ಕರೆಯುವುದೇ ಮಂಜು ಅಂತ. ಅವಳ ಚಿತ್ರದಲ್ಲೂ ಮೀಸೆ, ಜೊತೆಗೆ ಕನ್ನಡಕ.

ಆ ಹಾಳೆಗಳನ್ನು ಹರಡಿಕೊಂಡು ನಾವು ಮೂವರೂ ಸುಮ್ನೆ ಕೂತೆವು. ಹೆಸರಿನಿಂದ, ಬಾಲದಿಂದ ಲಿಂಗ ಅಳಿಸಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ರಾಜು ಬಂದು ಕೂತುಬಿಡುತ್ತಾನೆ. ಆಮೇಲೆ ನಾವು ಮಾಡಿದ್ದು ಇಷ್ಟು. ಟೊಮೆಟೊ, ಗೋಲಿ, ಪೆನ್ಸಿಲ್ ತರಹದ ಲೆಕ್ಕಗಳಲ್ಲಿ 'ನೀನು', 'ಮಂಜು', 'ಬೇಕು' ಇರಲಿ. ಟ್ರ್ಯಾಕ್ಟರ್, ಸೈಟು, ಬ್ಯಾಂಕು, ಬೋರ್‌ವೆಲ್ ಬಂದ ಕಡೆ ಹೆಸರು ಹೇಳಿಯೇ ಬರೆಯೋಣ: "ನಾರಾಯಣಮ್ಮ ಟ್ರ್ಯಾಕ್ಟರಿನಲ್ಲಿ 12 ಮೂಟೆ ತಂದಳು." ಚಪಾತಿ ಲೆಕ್ಕಕ್ಕೆ ರವಿ ಬಂದ. ಎಂಟು ಮಾಡಿದ, ಮೂರು ಬಡಿಸಿದ, ಉಳಿದದ್ದರಲ್ಲಿ ತಾನೂ ತಿಂದ. ಎಲ್ಲಿ ಮುಚ್ಚಬೇಕು, ಎಲ್ಲಿ ತೋರಿಸಬೇಕು ಅನ್ನುವುದಕ್ಕೆ ಒಂದೇ ನಿಯಮ ಮಾಡಲು ನಮ್ಮಿಂದ ಆಗಲಿಲ್ಲ. ಹಾಳೆ ಹಾಳೆಗೂ ಮಾತಾಡಿದೆವು.

'ಅದು'

ಈ ಭಾಗವನ್ನು ಬರೆಯಲೋ ಬೇಡವೋ ಅಂತ ಇದ್ದೆ.

ಪುಸ್ತಿಕೆಯ ಕೆಲಸ ನಡೆಯುತ್ತಿರುವಾಗಲೇ ದೊಡ್ಡ ಮಕ್ಕಳ ಕ್ಲಾಸಿನಲ್ಲಿ ಲಿಂಗಗಳ ಪಾಠ ಬಂತು. ಆ ಕ್ಲಾಸಿನಲ್ಲಿ ಒಂದು ಮಗು ಇದೆ. ಹುಡುಗರ ಸಾಲಿನಲ್ಲಿ ನಿಲ್ಲುತ್ತೆ, ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತೆ, ಚೆನ್ನಾಗಿ ಹಾಡುತ್ತೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ನೋಡಿ, ಮಗು ಅಂತ ಬರೆದ ಕೂಡಲೇ ಕನ್ನಡವೇ 'ಹಾಡುತ್ತೆ' ಅಂತ ಎಳೆದುಕೊಂಡು ಹೋಯಿತು. ಮಗು, ಶಿಶು, ಕೂಸು ಯಾವಾಗಲೂ ನಪುಂಸಕಲಿಂಗವೇ. ಎತ್ತಿ ಆಡಿಸುವ ಪದ ಅದು.

ನಾನು ಬೋರ್ಡಿನ ಮೇಲೆ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಮೂರು ಮನೆ ಎಳೆದು ಉದಾಹರಣೆ ಕೇಳಿದೆ. ಕಲ್ಲು, ಮರ, ಬಸ್ಸು ಬಂದವು. ಆಮೇಲೆ ಹಿಂದಿನಿಂದ ಒಬ್ಬ, "ಟೀಚರ್, ಮೂರನೇದಕ್ಕೆ ಉದಾಹರಣೆ ಇಲ್ಲೇ ಕೂತಿದೆ" ಅಂದ. ಕೂತಿದೆ ಅಂದ. ಕ್ಲಾಸು ನಕ್ಕಿತು. ಆ ಮಗು ಚೀಲದೊಳಗೆ ಏನೋ ಹುಡುಕತೊಡಗಿತು. ಬೆಲ್ ಹೊಡೆಯುವ ತನಕ ಹುಡುಕುತ್ತಲೇ ಇತ್ತು.

ನಾನು "ಸೈಲೆನ್ಸ್" ಅಂದೆ. ಅಷ್ಟೇ ಅಂದದ್ದು.

ಅಮ್ಮನಿಗೆ 'ಬಂತು' ಅಂದ ಹುಡುಗಿಯ 'ಅದು' ಇದೆಯಲ್ಲ, ಇವನ 'ಅದು' ಕೂಡ ಅದೇ ಪದ. ಒಂದರಲ್ಲಿ ಸಲಿಗೆ, ಇನ್ನೊಂದರಲ್ಲಿ ಕಲ್ಲು. ನಾನು ಕೆಂಪು ಗೀಟು ಎಳೆದದ್ದು ಮೊದಲನೆಯದಕ್ಕೆ.

ಮಾರನೇ ದಿನ ಅದೇ ಪಾಠವನ್ನು ಬೇರೆ ಥರ ಮಾಡಿದೆ. ಪರೀಕ್ಷೆಗೆ ಬೇಕಾದ ಮೂರು ಪದ ಮೂಲೆಯಲ್ಲಿ ಬರೆದು, ಬೋರ್ಡಿನ ನಡುವೆ 'ಅವನು ಗುಂಪು, ಅವಳು ಗುಂಪು, ಅದು ಗುಂಪು' ಅಂತ ಬರೆದೆ. ಸಂಸ್ಕೃತದಲ್ಲಿ ಹೆಂಡತಿಗೆ ಇರುವ ಪದಗಳಲ್ಲಿ ಮೂರನ್ನು ನೋಡಿ: ಭಾರ್ಯಾ ಸ್ತ್ರೀಲಿಂಗ, ದಾರ ಪುಲ್ಲಿಂಗ, ಕಲತ್ರ ನಪುಂಸಕಲಿಂಗ. ಅಂದರೆ ಈ ಹೆಸರುಗಳು ಅಂಟಿರುವುದು ಪದಕ್ಕೆ, ಮನುಷ್ಯರಿಗಲ್ಲ ಅಂತ ವಿವರಿಸಿದೆ. ಹೆಂಡತಿ ಪುಲ್ಲಿಂಗ ಅಂದಾಗ ಜೋರಾಗಿ ನಕ್ಕರು. ಆ ನಗೆ ಬೇರೆ ಥರ ಇತ್ತು. ಹಿಂದಿನ ದಿನ ಮಾತಾಡಿದವನನ್ನು ಆಮೇಲೆ ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದೆ. ಅವನಿಗೆ ತಾನು ಏನು ಅಂದೆ ಅಂತ ಪೂರ್ತಿ ಗೊತ್ತಿರಲಿಲ್ಲ. ಅರ್ಧ ಗೊತ್ತಿತ್ತು.

ದೊಡ್ಡ ಮಕ್ಕಳಿಗೆ ಒಂದು ಓದಿನ ಹಾಳೆ ಸೇರಿಸಿದೆ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರ ಬಗ್ಗೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು, 2021ರಲ್ಲಿ ಪದ್ಮಶ್ರೀ ಬಂತು. ಗೋಲಿ ಆಡುವ ಮಂಜುಗೆ ಒಗ್ಗದ 'ಅವರು' ಇಲ್ಲಿ ಸರಾಗವಾಗಿ ಕೂತಿತು. ಪುಸ್ತಿಕೆಯ ಮೂರನೇ ಸದಸ್ಯರು "ಪೋಷಕರು ಕೇಳಿದರೆ?" ಅಂದರು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಒಪ್ಪಿದೆ, 2019ರಲ್ಲಿ ಕಾಯ್ದೆಯೇ ಬಂದಿದೆ ಅಂದೆ. "ಅದೆಲ್ಲ ಸರಿ, ಪೋಷಕರು ಕೇಳಿದರೆ?" ಅಂತ ಮತ್ತೆ ಕೇಳಿದರು. ಪದ್ಮಶ್ರೀ ಬಂದವರ ಬಗ್ಗೆ ಒಂದು ಪಾಠ ಅಂತ ಹೇಳಿ ಅಂದೆ. ಹಾಳೆ ಉಳಿಯಿತು. ಇದುವರೆಗೆ ಯಾವ ಪೋಷಕರೂ ಕೇಳಿಲ್ಲ.

ಆ ಮಗು ಆ ಹಾಳೆ ಬಗ್ಗೆ ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಲು ಯಾರು ಬರುತ್ತೀರಿ ಅಂದಾಗ ಕೈ ಎತ್ತಿದವರಲ್ಲಿ ಅದೂ ಇತ್ತು. ಯಾವ ಹಾಳೆ ಆದರೂ ಅದು ಕೈ ಎತ್ತುತ್ತೆ.

ಅಚ್ಚಾದ ಮೇಲೆ

ಜೆರಾಕ್ಸ್ ಆಗಿ ಬಂದ ಪುಸ್ತಿಕೆಯಲ್ಲಿ ನಾವು ಮೂವರೂ ಕಾಣದೆ ಬಿಟ್ಟದ್ದು ಒಂದಲ್ಲ, ಬೇಕಾದಷ್ಟಿವೆ. "ಅಂಗಡಿಯವನು" ಎರಡು ಕಡೆ ಉಳಿದಿದ್ದಾನೆ. ರೈತರು ಅಂತ ತಿದ್ದಿದ ಹಾಳೆಯ ಚಿತ್ರದಲ್ಲಿ ಅದೇ ಪೇಟ, ಅದೇ ಮೀಸೆ. ಚಿತ್ರ ಬರೆಯುವವರು ನಮ್ಮಲ್ಲಿ ಯಾರೂ ಇರಲಿಲ್ಲ.

"ಬಂತು" ಬರೆದ ಹುಡುಗಿ ಈಗ 5ನೇ ಕ್ಲಾಸು. ಅವಳ ಮನೆಮಾತಿನ ಬಾಲಕ್ಕೆ ಈಗ ನಾನು ಕೆಂಪು ಗೀಟು ಎಳೆಯುವುದಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ 'ಬಂದಳು' ಅಂತ ಬರೆದು, ಪರೀಕ್ಷೆಯಲ್ಲಿ ಹೀಗೆ ಬರೀಬೇಕು ಅನ್ನುತ್ತೇನೆ. 'ಬಂದರು' ಅಂತಲೂ ಬರೆಯಬಹುದು ಅಂದಾಗ ಒಪ್ಪಲಿಲ್ಲ. "ಬಂದರು ಅಂದ್ರೆ ಬೇರೆಯವರ ಅಮ್ಮ ಅನ್ಸುತ್ತೆ" ಅಂದಳು.

ಹೋದ ವಾರ ಅವಳ ಪುಸ್ತಿಕೆ ನೋಡುತ್ತಿದ್ದೆ. ನಾವು ತಿದ್ದಲು ಮರೆತ ಇನ್ನೊಂದು ವಾಕ್ಯ ಅಲ್ಲಿ ಸಿಕ್ಕಿತು: "ಡ್ರೈವರ್ ಬಸ್ಸನ್ನು ನಿಲ್ಲಿಸಿದನು." ಅವಳು 'ನಿಲ್ಲಿಸಿದನು' ಹೊಡೆದುಹಾಕಿ ಮೇಲೆ ಪುಟ್ಟದಾಗಿ 'ನಿಲ್ಲಿಸಿತು' ಅಂತ ಬರೆದಿದ್ದಳು. ಬಸ್ಸಿಗೆ ಅಂದುಕೊಂಡಳೇನೋ ಅಂತ, "ಯಾಕೆ ಹೀಗೆ ತಿದ್ದಿದೆ?" ಅಂತ ಕೇಳಿದೆ.

"ಡ್ರೈವರ್ ಅಕ್ಕ, ಟೀಚರ್," ಅಂದಳು.